ಹಿಟ್ಟಿಗೆ ಜೊತೆ ಬೇಕು

ನಮ್ಮ ಸೀಮೆಯಲ್ಲಿ ಬೇಲಿ ಮಾತಿಗೆ ಮೊದಲೆಲ್ಲ ಎರಡೇ ವಿಷಯ: ಮಳೆ, ಕೊಬ್ಬರಿ ರೇಟು. ತಿಪಟೂರಿನ ಕಡೆಯಾಗಲಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಾಗಲಿ, ತೋಟದ ಬೇಲಿಯ ಆಚೆ ಒಬ್ಬರು, ಈಚೆ ಒಬ್ಬರು ನಿಂತರೆ ಮಾತು ಇವೆರಡನ್ನು ಬಿಟ್ಟು ಹೋಗುತ್ತಿರಲಿಲ್ಲ. ಈಗ ಮೂರನೆಯದೊಂದು ಸೇರಿದೆ, ಶುಗರ್. ಯಾರಿಗೆ ಎಷ್ಟಿದೆ, ಯಾರು ಯಾವ ಮಾತ್ರೆ ನುಂಗುತ್ತಾರೆ, ಯಾರು ಅನ್ನ ಬಿಟ್ಟರು, ಯಾರು ರಾತ್ರಿ ಹಿಟ್ಟು, ಅಂದರೆ ರಾಗಿ ಮುದ್ದೆ, ಬಿಟ್ಟು ಚಪಾತಿಗೆ ಇಳಿದರು ಅನ್ನುವುದೆಲ್ಲ ಊರಿಗೇ ಗೊತ್ತು.

ಪಕ್ಕದ ತೋಟದ ಅಕ್ಕಯ್ಯ ಬಿದ್ದ ಸೋಗೆ ಎಳೆದು ಹಾಕುತ್ತಾ ಕೇಳಿದಳು: "ಅಲ್ಲ ಕಣಪ್ಪ, ಮೊಬೈಲಲ್ಲಿ ಒಬ್ರು ಹೇಳ್ತಿದ್ರು, ಕಾರ್ಬು ಪೂರಾ ಬಿಟ್ಬಿಡಿ, ಶುಗರ್ ತಾನಾಗೇ ಇಳೀತದೆ ಅಂತ. ಕಾರ್ಬು ಅಂದ್ರೆ ಹಿಟ್ಟೇ ಅಂತಲ್ಲ? ಹಿಟ್ಟು ಬಿಟ್ಟು ಇನ್ನೇನು ತಿನ್ನಾದು, ಕೊಬ್ರಿನಾ?"

"ಹಿಟ್ಟು ಬಿಡಬ್ಯಾಡ ಅಕ್ಕಯ್ಯ" ಅಂದೆ. "ಅಳತೆ ಇಟ್ಕೋ, ಹಿಟ್ಟಿಗೆ ಜೊತೆ ಕೊಡು." ಅಷ್ಟಕ್ಕೇ ಮಾತು ನಿಲ್ಲಲಿಲ್ಲ. ನಿಲ್ಲುವಂಥ ಮಾತೂ ಅಲ್ಲ ಅದು. ಅಕ್ಕಯ್ಯ ಕೇಳಿದ್ದನ್ನು ನಮ್ಮ ಸೀಮೆಯ ಮನೆಮನೆಯೂ ಕೇಳುತ್ತಿದೆ. ತಪ್ಪು ಉತ್ತರ ಸಿಕ್ಕಿದರೆ ಕೆಡುವುದು ಮೈ.

ಕಾರ್ಬೋಹೈಡ್ರೇಟ್ ಅನ್ನುವುದನ್ನು ಶಾಲೆಯ ಪುಸ್ತಕಗಳು ಶರ್ಕರಪಿಷ್ಟ ಎನ್ನುತ್ತವೆ. ಹುಟ್ಟೋದು ಎಲೆಯಲ್ಲಿ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು, ಬೇರು ಎಳೆದುಕೊಟ್ಟ ನೀರು, ಇವೆರಡನ್ನೂ ಬಿಸಿಲಿನ ಬಲದಿಂದ ಸೇರಿಸಿ ಎಲೆ ಸಕ್ಕರೆ ಮಾಡುತ್ತದೆ. ಆ ಸಕ್ಕರೆಯಲ್ಲಿ ಗ್ಲೂಕೋಸ್ ಅನ್ನುವ ಕಣ ಒಂದಿದೆ. ಅದನ್ನು ಒಂದು ಬಗೆಯಲ್ಲಿ ಉದ್ದಕ್ಕೆ ಕೊಂಡಿ ಹಾಕಿದರೆ ಪಿಷ್ಟ, ಅಂದರೆ ರಾಗಿಯ ಹಿಟ್ಟು, ಅಕ್ಕಿ, ಗೋಧಿ. ಕೊಂಡಿಯ ಬಗೆ ಬದಲಾದರೆ ಅದೇ ಕಣ ಸೆಲ್ಯುಲೋಸ್ ಆಗುತ್ತದೆ, ಅಂದರೆ ರಾಗಿ ಹುಲ್ಲಿನ ನಾರು, ತೆಂಗಿನ ಮಟ್ಟೆಯ ನಾರು. ಪಿಷ್ಟದ ಕೊಂಡಿ ಬಿಚ್ಚುವ ಕಿಣ್ವ ನಮ್ಮ ಮೈಯಲ್ಲಿದೆ, ಸೆಲ್ಯುಲೋಸಿನ ಕೊಂಡಿ ಬಿಚ್ಚುವುದು ಇಲ್ಲ. ಬಣವೆಯ ಹುಲ್ಲನ್ನು ಹಸು ತಿನ್ನುತ್ತದೆ, ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಕೊಂಡಿ ಬಿಚ್ಚಿಕೊಡುತ್ತವೆ, ಹಸು ಹಾಲು ಕೊಡುತ್ತದೆ. ಆ ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಇದೆ, ಅದೂ ಕಾರ್ಬೋಹೈಡ್ರೇಟೇ. ಸೊಪ್ಪು, ಕಾಳು, ಹಣ್ಣು, ಹಾಲು ಎಲ್ಲದರಲ್ಲೂ ಒಂದಷ್ಟು ಇದ್ದೇ ಇರುವಾಗ "ಪೂರಾ ಬಿಡಿ" ಅನ್ನುವವರು ಏನು ಬಿಡಿ ಅನ್ನುತ್ತಿದ್ದಾರೆಂದು ಮೊದಲು ಕೇಳಬೇಕು.

ಅಕ್ಕಯ್ಯ "ಕೊಬ್ರಿನಾ?" ಎಂದದ್ದಕ್ಕೂ ಉತ್ತರ ಇದೆ. ತೆಂಗಿನ ಮರ ತನ್ನ ಸಕ್ಕರೆಯನ್ನು ಏನೇನು ಮಾಡುತ್ತದೆ ಅಂತ ನೋಡಿದರೆ ಆಹಾರಶಾಸ್ತ್ರದ ಅರ್ಧ ಪಾಠ ತೋಟದಲ್ಲೇ ಮುಗಿಯುತ್ತದೆ. ಗರಿಯಲ್ಲಿ ಆದ ಸಕ್ಕರೆ ಮರದೊಳಗೆ ಹರಿದು ಹೊಂಬಾಳೆಗೆ ಬರುತ್ತದೆ. ಅಲ್ಲೇ ಇಳಿಸಿಕೊಂಡರೆ ನೀರಾ. ಅದರಲ್ಲಿ ನೂರಕ್ಕೆ ಹನ್ನೆರಡು ಹದಿನೈದು ಪಾಲು ಸಕ್ಕರೆ. ಇಳಿಸದೆ ಬಿಟ್ಟರೆ ಅದೇ ಸಕ್ಕರೆ ಕಾಯಿಗೆ ಹೋಗುತ್ತದೆ. ಆರೇಳು ತಿಂಗಳ ಎಳನೀರಿಗೆ ಸಿಹಿ ಹೆಚ್ಚು, ಆಗ ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಇರುತ್ತವೆ. ನಮ್ಮ ತಿಪಟೂರು ತಾಲ್ಲೂಕಿನ ಹೊನ್ನವಳ್ಳಿಯಲ್ಲಿ ಗಂಗಾಪಾನಿ ಎಂಬ ತೆಂಗಿತ್ತು, ಅದರ ಎಳನೀರಿನ ರುಚಿಯೇ ಬೇರೆ ಅನ್ನುವ ಮಾತು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲೇ ದಾಖಲಾಗಿದೆ. ಕಾಯಿ ಬಲಿತಂತೆ ನೀರಿನ ಸಿಹಿ ಇಳಿಯುತ್ತದೆ, ತಿರುಳು ದಪ್ಪವಾಗುತ್ತದೆ, ಅದರಲ್ಲಿ ಎಣ್ಣೆ ತುಂಬುತ್ತದೆ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ವರ್ಷ ಬಿಟ್ಟರೆ ನೀರು ಒಳಗೊಳಗೇ ಇಂಗಿ, ತಿರುಳು ಚಿಪ್ಪು ಬಿಟ್ಟು ಗುಂಡಾಗಿ ಕೂರುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿ ಅದು. ಅಷ್ಟೊತ್ತಿಗೆ ಅದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಬರೀ ಎಣ್ಣೆ. ಉಳಿದ ಕಾರ್ಬೋಹೈಡ್ರೇಟಿನಲ್ಲಿ ಹೆಚ್ಚಿನದು ನಾರು.

ಅಂದಮೇಲೆ ಕೊಬ್ಬರಿ ತಿಂದರೆ ರಕ್ತದ ಸಕ್ಕರೆ ದಡಕ್ಕನೆ ಏರುವುದಿಲ್ಲ, ನಿಜ. ಆದರೆ ಒಂದು ಗ್ರಾಂ ಪಿಷ್ಟಕ್ಕೆ ನಾಲ್ಕು ಕ್ಯಾಲೊರಿ ಇದ್ದರೆ ಒಂದು ಗ್ರಾಂ ಎಣ್ಣೆಗೆ ಒಂಬತ್ತು. ತೆಂಗಿನೆಣ್ಣೆಯ ಬಹುಪಾಲು ಪರ್ಯಾಪ್ತ ಕೊಬ್ಬು. ಅದನ್ನೇ ಹೊಟ್ಟೆ ತುಂಬ ತಿನ್ನುವ ಪದಾರ್ಥ ಮಾಡಿಕೊಂಡವರು ನಮ್ಮ ಹಿರಿಯರಲ್ಲಿ ಯಾರೂ ಇರಲಿಲ್ಲ. ಚಟ್ನಿಗೆ ಒಂದು ಚೂರು, ಸಾರಿಗೆ ಒಂದು ಹಿಡಿ ತುರಿ, ಹಬ್ಬದ ಸಿಹಿಗೆ ಒಂದಿಷ್ಟು. ಸುತ್ತ ಮುತ್ತ ಕಣ್ಣು ಹಾಯಿಸಿದಲ್ಲೆಲ್ಲ ತೆಂಗೇ ಇದ್ದರೂ ಈ ಸೀಮೆ ಬದುಕಿದ್ದು ರಾಗಿಯ ಮೇಲೆ. ತೆಂಗು ಕೈಗೆ ಕಾಸು ಕೊಟ್ಟಿತು, ರಾಗಿ ಹೊಟ್ಟೆಗೆ ಹಿಟ್ಟು ಕೊಟ್ಟಿತು.

ಇನ್ನೊಂದು ಸಂಗತಿ ನನಗೆ ಬಹಳ ಬೆರಗಿನದು. ಮೊಳಕೆ ಬಂದ ಕಾಯಿ ಒಡೆದಾಗ ಒಳಗೆ ಬೆಳ್ಳಗೆ, ಮೆತ್ತಗೆ, ಸಿಹಿಯಾದ ಗಡ್ಡೆ ಇರುತ್ತದಲ್ಲ, ಮಕ್ಕಳು ಕಿತ್ತಾಡಿಕೊಂಡು ತಿನ್ನುವಂಥದ್ದು? ಆ ಸಿಹಿ ಎಲ್ಲಿಂದ ಬಂತು? ತಿರುಳಿನ ಎಣ್ಣೆಯನ್ನೇ ಸಸಿ ಮತ್ತೆ ಸಕ್ಕರೆ ಮಾಡಿಕೊಂಡಿರುತ್ತದೆ. ಗಿಡಕ್ಕೆ ಆ ವಿದ್ಯೆ ಗೊತ್ತು. ನಮ್ಮ ಮೈಗೆ ಗೊತ್ತಿಲ್ಲ. ಮನುಷ್ಯ ಸಕ್ಕರೆಯನ್ನು ಕೊಬ್ಬು ಮಾಡಬಲ್ಲ, ಕೊಬ್ಬಿನ ಆಮ್ಲಗಳನ್ನು ವಾಪಸ್ ಸಕ್ಕರೆ ಮಾಡಲಾರ. ಹಿಟ್ಟು ಪೂರಾ ಬಿಡುತ್ತೇನೆ ಅನ್ನುವವರು ನೆನಪಿಡಬೇಕಾದ್ದು ಇದೇ. ಮೆದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುತ್ತದೆ, ರಕ್ತದ ಕೆಂಪು ಕಣಗಳಿಗೆ ಗ್ಲೂಕೋಸ್ ಬಿಟ್ಟರೆ ಬೇರೆ ಇಂಧನವೇ ಇಲ್ಲ. ತಿನ್ನದಿದ್ದರೆ ಯಕೃತ್ತು ಅದನ್ನು ತಯಾರು ಮಾಡಲು ಪ್ರೋಟೀನಿಗೆ, ಅಂದರೆ ನಮ್ಮದೇ ಮಾಂಸಖಂಡಕ್ಕೆ, ಕೈ ಹಾಕುತ್ತದೆ. ಮೆದುಳು ಕೊಬ್ಬಿನಿಂದಾದ ಕೀಟೋನುಗಳ ಮೇಲೂ ಒಂದು ಮಟ್ಟಕ್ಕೆ ನಡೆದೀತು. ಆದರೆ ದಿನವಿಡೀ ಗೈಯುವ ಮೈಗೆ, ವಯಸ್ಸಾದ ಮೈಗೆ ಅದು ಸುಲಭದ ದಾರಿಯಲ್ಲ.

ಹಾಗಾದರೆ ತಿಂದ ಮುದ್ದೆ ಒಳಗೆ ಹೋಗಿ ಏನಾಗುತ್ತದೆ? ಎಸರಿಗೆ ಹಿಟ್ಟು ಬಿದ್ದ ಕೂಡಲೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ಕೋಲು ಹಾಕಿ ತಿರುವಿದಾಗ ಅಂಟು ಕಟ್ಟಿ ಒಂದಾಗುತ್ತವೆ. ಹಸಿ ಪಿಷ್ಟವನ್ನು ಅರಗಿಸುವುದು ನಮಗೆ ಕಷ್ಟ, ಬೆಂದ ಪಿಷ್ಟ ಸುಲಭ. ಅನ್ನವನ್ನೋ ರೊಟ್ಟಿಯನ್ನೋ ಜಗಿಯುವಾಗ ಎಂಜಲಿನ ಕಿಣ್ವ ಬಾಯಲ್ಲೇ ಕೆಲಸ ಶುರು ಮಾಡುತ್ತದೆ. ಮುದ್ದೆಯನ್ನು ನಾವು ಸಾರಿನಲ್ಲಿ ಅದ್ದಿ ನುಂಗುವುದರಿಂದ ಬಾಯಿಗೆ ಕೆಲಸ ಕಡಿಮೆ, ಸಣ್ಣ ಕರುಳಿಗೆ ಹೆಚ್ಚು. ಅಲ್ಲಿ ಮೇದೋಜೀರಕ ಗ್ರಂಥಿಯ ರಸ ಪಿಷ್ಟವನ್ನು ತುಂಡು ತುಂಡು ಮಾಡುತ್ತದೆ, ಕೊನೆಗೆ ಅದು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ.

ಈಗ ಲೆಕ್ಕ ನೋಡಿ. ಆರೋಗ್ಯವಾಗಿರುವ ಒಬ್ಬ ವಯಸ್ಕರ ಇಡೀ ಮೈಯ ರಕ್ತದಲ್ಲಿ, ಖಾಲಿ ಹೊಟ್ಟೆಯಲ್ಲಿ, ಇರುವ ಗ್ಲೂಕೋಸ್ ಐದು ಗ್ರಾಂ ಆಸುಪಾಸು. ಒಂದು ಟೀ ಚಮಚ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿರುವ ಕಾರ್ಬೋಹೈಡ್ರೇಟು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ ಸುಮಾರು 67 ಗ್ರಾಂ. ಅಂದರೆ ಒಂದು ಒಳ್ಳೆಯ ಮುದ್ದೆ ತಿಂದೆದ್ದಾಗ ರಕ್ತದಲ್ಲಿರುವುದರ ಹತ್ತು ಪಟ್ಟಿಗೂ ಹೆಚ್ಚು ಸಕ್ಕರೆ ಒಳಗೆ ಬರಲು ಸಾಲು ನಿಂತಿರುತ್ತದೆ. ಅದನ್ನು ತಡವಿಲ್ಲದೆ ರಕ್ತದಿಂದ ಆಚೆ ಸಾಗಿಸಿ ಜಾಗ ತೋರಿಸುವುದು ಇನ್ಸುಲಿನ್. ಯಕೃತ್ತು ಮತ್ತು ಸ್ನಾಯುಗಳು ನಮ್ಮ ಮೈಯ ಹಗೇವುಗಳು. ಸುಗ್ಗಿಯಲ್ಲಿ ತುಂಬಿ, ಬೇಕಾದಾಗ ತೆಗೆಯುವ ಹಾಗೆ ಅವು ಗ್ಲೂಕೋಸನ್ನು ಗ್ಲೈಕೋಜನ್ ಮಾಡಿ ಇಟ್ಟುಕೊಳ್ಳುತ್ತವೆ. ಯಕೃತ್ತಿನಲ್ಲಿ ಸುಮಾರು ನೂರು ಗ್ರಾಂ ಹಿಡಿಯುತ್ತದೆ, ಸ್ನಾಯುಗಳಲ್ಲಿ ಅದರ ಮೂರು ನಾಲ್ಕು ಪಟ್ಟು. ರಾತ್ರಿ ನಾವು ಮಲಗಿರುವಾಗ ಮೆದುಳಿಗೆ ಸಕ್ಕರೆ ಕೊಡುವುದು ಯಕೃತ್ತಿನ ಆ ದಾಸ್ತಾನು. ಸ್ನಾಯುಗಳದ್ದು ಮಾತ್ರ ಕೆಲಸಕ್ಕೇ ಮೀಸಲು, ಕೆಲಸ ಮಾಡದೆ ಅದು ಖಾಲಿಯಾಗುವುದಿಲ್ಲ. ಖಾಲಿಯಾಗದ ಕಡೆ ಹೊಸದನ್ನು ಎಲ್ಲಿ ಸುರಿಯುವುದು? ಉಳಿದದ್ದು ಕೊಬ್ಬಾಗಿ ಹೊಟ್ಟೆಯ ಸುತ್ತ ಸೇರುತ್ತದೆ, ಯಕೃತ್ತಿನೊಳಗೂ ಸೇರುತ್ತದೆ. ಬರುಬರುತ್ತಾ ಇನ್ಸುಲಿನ್ ಹೇಳಿದ್ದನ್ನು ಮೈ ಕೇಳದಾಗುತ್ತದೆ. ರಕ್ತದಲ್ಲಿ ಸಕ್ಕರೆ ನಿಲ್ಲುತ್ತದೆ.

ಮಾತು ಇಲ್ಲಿಗೆ ಬಂದಾಗ ದಾರಿಯಲ್ಲಿ ಹೋಗುತ್ತಿದ್ದ ದೊಡ್ಡಪ್ಪನೂ ನಿಂತರು. ಎಂಬತ್ತರ ಮೇಲಾದ ಜೀವ. "ನಾವು ಹೊತ್ತಿಗೆ ಎರಡು ಮುದ್ದೆ ಇಕ್ಕಿಸ್ಕೊಂಡು ಉಣ್ತಿದ್ವಿ, ನಮಗ್ಯಾವ ಶುಗರ್ರೂ ಬರಲಿಲ್ವಲ್ಲ?" ಅಂದರು. ದೊಡ್ಡಪ್ಪ, ನೀವು ಕೋಳಿ ಕೂಗೋ ಹೊತ್ತಿಗೆ ಎದ್ದು ಕಪಿಲೆ ಹೊಡೆಯುತ್ತಿದ್ದಿರಿ. ತೆಂಗಿನ ಸಸಿಗೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದಿರಿ. ಹಾರೆ ಹಿಡಿದು ಗುಂಡಿ ತೆಗೆದಿರಿ, ಎತ್ತಿನ ಹಿಂದೆ ಎಕರೆಗಟ್ಟಲೆ ನಡೆದಿರಿ, ಸಂತೆಗೂ ನಡೆದೇ ಹೋದಿರಿ. ನಿಮ್ಮ ಸ್ನಾಯುಗಳ ದಾಸ್ತಾನು ಸಂಜೆಗೆ ಬರಿದಾಗುತ್ತಿತ್ತು, ಎರಡು ಮುದ್ದೆಗೂ ಜಾಗ ಇರುತ್ತಿತ್ತು. ಈಗ ಬೋರಿನ ಸ್ವಿಚ್ಚು ಮೊಬೈಲಿನಲ್ಲೇ ಒತ್ತುತ್ತಾರೆ, ನೀರು ಹನಿ ನೀರಾವರಿಯ ಪೈಪಿನಲ್ಲಿ ತಾನೇ ಹೋಗುತ್ತದೆ, ಉಳುಮೆ ಟಿಲ್ಲರಿನದು, ಸಂತೆಗೆ ಬೈಕು. ಕೆಲಸ ಇಳಿಯಿತು, ಒಳ್ಳೆಯದೇ ಆಯಿತು. ಆ ದುಡಿಮೆ ಬೆನ್ನು ಮುರಿಯುವಂಥದ್ದಾಗಿತ್ತು, ಅದು ಮತ್ತೆ ಬರಲಿ ಅಂತ ನಾನು ಹೇಳುವುದಿಲ್ಲ. ಆದರೆ ಮುದ್ದೆಯ ಗಾತ್ರ ಮಾತ್ರ ಅಲ್ಲೇ ಉಳಿಯಿತು.

ಇದರಲ್ಲಿ ಎಲ್ಲರಿಗೂ ಒಂದೇ ಅಳತೆ ಹೇಳುವುದು ತಪ್ಪು. ಬೆಳಗಿನಿಂದ ಸಂಜೆವರೆಗೆ ಹಾರೆಗೆ ಕಾಯಿ ಕುಕ್ಕಿ ಮಟ್ಟೆ ಸುಲಿಯುವವರು ಇದ್ದಾರೆ. ಮರ ಹತ್ತಿ ಕಾಯಿ ಕೆಡವುವವರು, ಮಂಡಿಯಲ್ಲಿ ಮೂಟೆ ಹೊರುವ ಹಮಾಲರು ಇದ್ದಾರೆ. ಅವರ ಮುದ್ದೆ ದೊಡ್ಡದಾಗಿಯೇ ಇರಬೇಕು. ಮೊಬೈಲಿನಲ್ಲಿ ಯಾರೋ ಹೇಳಿದರೆಂದು ಅವರು ಹಿಟ್ಟು ಬಿಟ್ಟರೆ ಮಧ್ಯಾಹ್ನಕ್ಕೇ ಕೈ ಸೋಲುತ್ತದೆ, ತಲೆ ಸುತ್ತುತ್ತದೆ. ಮರದ ಮೇಲೆ ತಲೆ ಸುತ್ತಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅಂಗಡಿಯ ಗಲ್ಲೆಯ ಮುಂದೆ ಕೂತವರ ಮುದ್ದೆ, ಆಫೀಸಿನಲ್ಲಿ ಕೂತವರ ಮುದ್ದೆ ಚಿಕ್ಕದಾಗಲಿ. ಗೇಯುವಷ್ಟು ಉಣ್ಣಬೇಕು, ಅಷ್ಟೆ.

"ಅಳತೆ ಸರಿ, ಜೊತೆ ಅಂದ್ಯಲ್ಲ, ಅದೇನು?" ಅಂದಳು ಅಕ್ಕಯ್ಯ. ನನ್ನ ಮನಸ್ಸಿನಲ್ಲಿದ್ದ ಮಾತು ಅದೇ.

ಹಿಂದಿನ ಹೊಲವನ್ನು ನೆನೆಸಿಕೊಳ್ಳಿ. ರಾಗಿ ಬಿತ್ತುವಾಗ ಬರೀ ರಾಗಿ ಯಾರೂ ಬಿತ್ತುತ್ತಿರಲಿಲ್ಲ. ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ, ಇಷ್ಟು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ ಅಂತ ಬಿಡುತ್ತಿದ್ದರು. ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು, ಜೋಳ. 1800ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯ ಮೇಲೆ ಮೈಸೂರು ಸೀಮೆಯೆಲ್ಲ ಸುತ್ತಿದ. ಅವನ ಪ್ರವಾಸದ ಬರಹ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕೂರಿಗೆಯಲ್ಲಿ ರಾಗಿ ಬಿತ್ತುವುದನ್ನೂ ನಡುನಡುವೆ ಅವರೆ, ತೊಗರಿಯ ಸಾಲು ಬಿಡುವುದನ್ನೂ ಅವನು ವಿವರವಾಗಿ ಬರೆದಿಟ್ಟಿದ್ದಾನೆ. ಇನ್ನೂರು ವರ್ಷದ ಹಿಂದೆಯೇ ಇದು ಹಳೆಯ ಪದ್ಧತಿ. ಮಳೆ ಕೈಕೊಟ್ಟು ರಾಗಿ ಹೋದರೆ ಅವರೆಯಾದರೂ ಉಳಿಯಲಿ ಎಂಬ ಲೆಕ್ಕ ಒಂದು ಕಡೆ. ಅವರೆ, ತೊಗರಿಯ ಬೇರಿನ ಗಂಟುಗಳು ಗಾಳಿಯ ಸಾರಜನಕ ಹಿಡಿದು ನೆಲಕ್ಕೆ ಕೊಡುವ ಲಾಭ ಇನ್ನೊಂದು ಕಡೆ. ನಾನು ಹೇಳಹೊರಟ ಲಾಭ ಮೂರನೆಯದು. ಹೊಲದಲ್ಲಿ ಜೊತೆಗಿದ್ದದ್ದು ಗಂಗಳದಲ್ಲೂ ಜೊತೆಗಿರುತ್ತಿತ್ತು. ಹಿಟ್ಟಿನ ಪಕ್ಕಕ್ಕೆ ಅವರೆಕಾಳಿನ ಸಾರು, ತೊಗರಿಬೇಳೆಯ ಬಸ್ಸಾರು, ಹುಚ್ಚೆಳ್ಳು ಚಟ್ನಿ, ಸಾಲಿನ ನಡುವೆ ತಾನೇ ಹುಟ್ಟಿದ ಬೆರಕೆ ಸೊಪ್ಪು. ಜೊತೆಗೆ ಹುರುಳಿಕಾಳು, ಅಲಸಂದೆ, ಒಂದು ಲೋಟ ಮಜ್ಜಿಗೆ.

ಈ ಜೊತೆಗಾರರು ಮಾಡುವ ಕೆಲಸ ದೊಡ್ಡದು. ಕಾಳಿನ ನಾರು, ಪ್ರೋಟೀನು, ತೆಂಗಿನ ತುರಿಯ ಎಣ್ಣೆ ಇವೆಲ್ಲ ಸೇರಿದಾಗ ಹೊಟ್ಟೆಯಿಂದ ಹಿಟ್ಟು ಕರುಳಿಗೆ ನಿಧಾನಕ್ಕೆ ಇಳಿಯುತ್ತದೆ, ಸಕ್ಕರೆ ನಿಧಾನಕ್ಕೆ ರಕ್ತಕ್ಕೆ ಬರುತ್ತದೆ. ಹೊಟ್ಟೆ ತುಂಬಿದ ತೃಪ್ತಿ ಬೇಗ ಬರುತ್ತದೆ, ಎರಡನೆಯ ಮುದ್ದೆಗೆ ಕೈ ಹೋಗುವುದಿಲ್ಲ. ಹುರುಳಿಯಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಪಾಲು ಪ್ರೋಟೀನಿದೆ, ರಾಗಿಯಲ್ಲಿ ಏಳು ಮಾತ್ರ. ಸ್ನಾಯು ಉಳಿಸಿಕೊಳ್ಳಲು ಪ್ರೋಟೀನು ಬೇಕು, ಸ್ನಾಯು ಇದ್ದರೆ ಸಕ್ಕರೆಗೆ ಜಾಗ ಇದ್ದೇ ಇರುತ್ತದೆ. ನಮ್ಮ ಕರುಳಿಗೆ ಅರಗದ ನಾರು ಕೂಡ ವ್ಯರ್ಥವಲ್ಲ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಅದೇ ಊಟ, ಅವು ಅದರಿಂದ ತಯಾರಿಸುವ ಆಮ್ಲಗಳು ಕರುಳಿನ ಗೋಡೆಗೇ ಆಹಾರ. ಬೆಂದ ಪಿಷ್ಟ ಆರಿದಾಗ ಅದರ ಒಂದು ಪಾಲು ಗಟ್ಟಿಯಾಗಿ, ಕಿಣ್ವಗಳಿಗೆ ಬಗ್ಗದೆ, ಆ ನಾರಿನ ಸಾಲಿಗೇ ಸೇರುತ್ತದೆ. ರಾತ್ರಿ ಮಿಕ್ಕಿದ ತಂಗಳು ಮುದ್ದೆಯನ್ನು ಬೆಳಗ್ಗೆ ಮಜ್ಜಿಗೆಗೆ ಕಿವುಚಿ, ಈರುಳ್ಳಿ ನಂಚಿಕೊಂಡು ಕುಡಿದು ಹೊಲಕ್ಕೆ ಹೋದವರ ಊಟದಲ್ಲಿ ಆ ಗುಣವೂ ಇತ್ತು.

ಈ ಜೊತೆ ಎಲ್ಲಿ ತಪ್ಪಿಹೋಯಿತು? ಒಂದೊಂದಾಗಿ ಹೋಯಿತು. ಬೋರು ಬಂತು, ರಾಗಿ ಹೊಲಗಳು ತೆಂಗಿನ ತೋಟಗಳಾದವು. ತಪ್ಪೇನಿಲ್ಲ, ಲೆಕ್ಕ ಹಾಗಿದೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ, ಅದೇ ವರ್ಷದ ಹಂಗಾಮಿಗೆ ರಾಗಿಗೆ 4,290. ಯಾವ ರೈತ ತಾನೇ ತೆಂಗು ಬಿಟ್ಟು ರಾಗಿ ಹಿಡಿದಾನು? ಉಳಿದ ರಾಗಿಯಲ್ಲೂ ಹೆಚ್ಚು ಇಳುವರಿಯ ತಳಿಗಳು ಬಂದವು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು, ಹಸಿದವರ ಮನೆಗೆ ಹಿಟ್ಟು ತಲುಪಿತು. ಆ ಪುಣ್ಯ ದೊಡ್ಡದು. ಆದರೆ ಟ್ರ್ಯಾಕ್ಟರಿನಲ್ಲಿ ಉತ್ತು ರಾಗಿಯನ್ನಷ್ಟೇ ಎರಚುವುದು, ಯಂತ್ರದಲ್ಲಿ ಕೊಯ್ಯುವುದು ಬಂದಂತೆ ಅಕ್ಕಡಿ ಸಾಲಿಗೆ ಜಾಗ ಇಲ್ಲವಾಯಿತು. ಕಳೆನಾಶಕ ಬಂತು, ಬೆರಕೆ ಸೊಪ್ಪು ಹೋಯಿತು. ಕಾಳು ಈಗ ಅಂಗಡಿಯಲ್ಲಿ ಕೊಳ್ಳಬೇಕಾದ ಸಾಮಾನು, ರೇಟು ಏರಿದಾಗ ಮೊದಲು ಕೈಬಿಡುವ ಸಾಮಾನು. ಸಾರು ತೆಳ್ಳಗಾಯಿತು. ಪಡಿತರದ ಅಕ್ಕಿ ಬಂದು ಹಸಿವು ತೀರಿತು, ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಹಿಟ್ಟು ಅನ್ನ, ಸಂಜೆ ಬೇಕರಿಯ ಬನ್ನು, ಮೂರು ನಾಲ್ಕು ಸಲ ಎರಡೆರಡು ಚಮಚ ಸಕ್ಕರೆ ಹಾಕಿದ ಟೀ, ರಾತ್ರಿ ಮತ್ತೆ ಅನ್ನ ತಿಳಿಸಾರು ಅಂದರೆ ಗಂಗಳದಲ್ಲಿ ಪಿಷ್ಟ, ಸಕ್ಕರೆ ಬಿಟ್ಟು ಇನ್ನಾರೂ ಉಳಿಯಲಿಲ್ಲ.

ನಾನು ಹೇಳುವುದಕ್ಕೆ ಈಗ ಗಟ್ಟಿ ಆಧಾರವೂ ಸಿಕ್ಕಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಜೊತೆ ಸೇರಿ ದೇಶದುದ್ದಕ್ಕೂ ನಡೆಸಿದ ಸಮೀಕ್ಷೆ 2023ರಲ್ಲಿ ಹೊರಬಂತು. ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿಗೂ ಹೆಚ್ಚು, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಅದೇ ಸಮೀಕ್ಷೆಯ ಊಟದ ಲೆಕ್ಕ 2025ರಲ್ಲಿ ಪ್ರಕಟವಾಯಿತು. ನಾವು ಭಾರತೀಯರು ತಿನ್ನುವ ಕ್ಯಾಲೊರಿಯಲ್ಲಿ ನೂರಕ್ಕೆ 62 ಪಾಲು ಕಾರ್ಬೋಹೈಡ್ರೇಟಿನದೇ. ಬಿಳಿ ಅಕ್ಕಿಯ ಬದಲು ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ಹಿಡಿದಷ್ಟಕ್ಕೇ ಅಪಾಯ ಕಡಿಮೆಯಾದದ್ದು ಕಾಣಲಿಲ್ಲ. ಆ ಪಾಲಿನಲ್ಲಿ ಸ್ವಲ್ಪವನ್ನು ಕಾಳಿನ ಪ್ರೋಟೀನಿಗೆ, ಹಾಲು ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟವರಲ್ಲಿ ಅಪಾಯ ಕಡಿಮೆ ಕಂಡಿತು. ಹಿಟ್ಟು ಬಿಟ್ಟು ಚಪಾತಿ ಹಿಡಿದವರಿಗೆ ಇದರಲ್ಲಿ ಉತ್ತರವಿದೆ. ಗೋಧಿಯೂ ಪಿಷ್ಟವೇ. ಧಾನ್ಯ ಬದಲಾಯಿಸುವುದಕ್ಕಿಂತ ಗಂಗಳದ ಪಾಲು ಬದಲಾಯಿಸುವುದು ಮುಖ್ಯ.

ಹಾಗೆಂದು ರಾಗಿಯೂ ಅಕ್ಕಿಯೂ ಒಂದೇ ಅಂತಲ್ಲ. ನೂರು ಗ್ರಾಂ ರಾಗಿಯಲ್ಲಿ ಹನ್ನೊಂದು ಗ್ರಾಂ ನಾರಿದೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ರಾಗಿಯ ಸುಣ್ಣದಂಶ 364 ಮಿಲಿಗ್ರಾಂ, ಅಕ್ಕಿಯದು ಲೆಕ್ಕಕ್ಕೇ ಸಾಲದು. ಕಾಳು ತೀರ ಸಣ್ಣದಾದ್ದರಿಂದ ರಾಗಿಯನ್ನು ತೌಡು ಸಮೇತವೇ ಬೀಸುತ್ತೇವೆ, ಅದು ಅದರ ಪುಣ್ಯ. ನುಣ್ಣಗಿರಲಿ ಅಂತ ಮತ್ತೆ ಜರಡಿ ಹಿಡಿದು ತೌಡು ಚೆಲ್ಲಿದರೆ ಆ ಪುಣ್ಯವನ್ನು ಚೆಲ್ಲಿದಂತೆ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನ ಸರಿ ಕೂಸುಗಳಿಗೆ ಏಕೆ ಒಳ್ಳೆಯದು ಗೊತ್ತೇ? ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಸಡಿಲಿಸುತ್ತದೆ. ಗಂಜಿ ತೆಳ್ಳಗಿದ್ದರೂ ಅದರಲ್ಲಿ ಹಿಟ್ಟು ಹೆಚ್ಚು ಹಿಡಿಯುತ್ತದೆ, ಪುಟ್ಟ ಹೊಟ್ಟೆಗೆ ಬೇಕಾದ ಬಲ ಸಿಗುತ್ತದೆ. ಆದರೆ ಕೂಸಿಗೆ ಒಳ್ಳೆಯದಾದದ್ದು ಶುಗರ್ ಇರುವ ಅಜ್ಜನಿಗೆ ಅಷ್ಟೇ ಒಳ್ಳೆಯದಲ್ಲ. ಲೋಟಗಟ್ಟಲೆ ರಾಗಿ ಮಾಲ್ಟ್ ಕುಡಿದರೆ ಸಕ್ಕರೆ ಬೇಗ ಏರುತ್ತದೆ. ರಾಗಿ ತಿಂದವನು ನಿರೋಗಿ ಅನ್ನುವ ಮಾತನ್ನು ನಂಬಿ ಹೊತ್ತಿಗೆರಡು ಮುದ್ದೆ ಉಣ್ಣುವ ಶುಗರಿನವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ರಾಗಿ ಒಳ್ಳೆಯ ಊಟ, ಔಷಧಿಯಲ್ಲ.

ನಮ್ಮದೇ ತೆಂಗಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ತೆಂಗಿನ ಬೆಲ್ಲ, ತೆಂಗಿನ ಸಕ್ಕರೆ ಶುಗರಿನವರಿಗೆ ಏನೂ ಮಾಡುವುದಿಲ್ಲ ಅಂತ ಹೇಳಿ ಮಾರುವವರಿದ್ದಾರೆ. ಅದರಲ್ಲಿರುವುದೂ ಬಹುಪಾಲು ಸುಕ್ರೋಸ್, ಕಬ್ಬಿನ ಸಕ್ಕರೆಯಲ್ಲಿರುವಂಥದ್ದೇ. ನಮ್ಮ ಮರದ್ದು ಅನ್ನುವ ಅಭಿಮಾನ ಇರಲಿ, ಚಮಚ ಸಣ್ಣದಿರಲಿ. ಎಳನೀರಿನಲ್ಲಿ ನೂರು ಮಿಲಿಗೆ ನಾಲ್ಕೈದು ಗ್ರಾಂ ಸಕ್ಕರೆ, ಬಿಸಿಲಲ್ಲಿ ದುಡಿದು ಬಂದವರಿಗೆ ಅದರಷ್ಟು ಒಳ್ಳೆಯದು ಇನ್ನಿಲ್ಲ. ಶುಗರ್ ಇರುವವರು ಕುಡಿದರೆ ಆ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೂತ್ರಪಿಂಡ ಸೋತವರು ಅದರಲ್ಲಿರುವ ಪೊಟ್ಯಾಸಿಯಂ ಕಾರಣಕ್ಕೆ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದನ್ನು ಅಕ್ಕಯ್ಯನಿಗೆ ಎರಡು ಸಲ ಹೇಳಿದೆ. ಮಾತ್ರೆ ನುಂಗಿ, ಇನ್ಸುಲಿನ್ ಚುಚ್ಚಿಕೊಂಡು, ಆಮೇಲೆ ಹಿಟ್ಟು ಬಿಟ್ಟರೆ ಸಕ್ಕರೆ ಅಳತೆ ಮೀರಿ ಕೆಳಗಿಳಿಯಬಹುದು. ಕೆಲವು ಮಾತ್ರೆಗಳು ಊಟ ಬರುತ್ತದೆಂದು ನಂಬಿಯೇ ಇನ್ಸುಲಿನ್ ಸುರಿಸುತ್ತವೆ. ಊಟ ಬರದಿದ್ದರೆ ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕಣ್ಣು ಮಂಜಾಗುತ್ತದೆ, ಮಾತು ತೊದಲುತ್ತದೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಹೋದರೆ ಅದು ಅಪಾಯದ ಗೆರೆ. ಆಗ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ತಕ್ಷಣ ಕುಡಿಸಬೇಕು, ಆಮೇಲೆ ಊಟ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಶ್ರಾವಣದ ಸೋಮವಾರ, ಏಕಾದಶಿ, ಶಿವರಾತ್ರಿ ಅಂತ ಒಪ್ಪತ್ತು, ಉಪವಾಸ ಮಾಡುವವರು ನಮ್ಮಲ್ಲಿ ಬಹಳ. ಹಿಟ್ಟು ಕಡಿಮೆ ಮಾಡುವುದಿದ್ದರೂ, ಉಪವಾಸ ಹಿಡಿಯುವುದಿದ್ದರೂ ಮೊದಲು ಡಾಕ್ಟರಿಗೆ ಹೇಳಿ, ಮಾತ್ರೆಯ ಅಳತೆಯನ್ನೂ ಬದಲಾಯಿಸಿಕೊಳ್ಳಬೇಕು. ದೇವರು ಇದಕ್ಕೆ ಮುನಿಯುವುದಿಲ್ಲ.

ಇನ್ನು ಮಾಡಬೇಕಾದ್ದೇನು? ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ಹಗುರ ಕೆಲಸ ಮಾಡುವ ವಯಸ್ಕರಿಗೆ, 2,000 ಕ್ಯಾಲೊರಿಯ ದಿನದ ಊಟಕ್ಕೆ, ಒಂದು ಲೆಕ್ಕ ಕೊಟ್ಟಿದ್ದಾರೆ. ಧಾನ್ಯ 250 ಗ್ರಾಂ, ಬೇಳೆ ಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಾಲು ಮೊಸರು 300 ಮಿಲಿ, ಜೊತೆಗೆ ಒಂದಿಷ್ಟು ಹಣ್ಣು. ಧಾನ್ಯದಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯಲ್ಲಿ ನೂರಕ್ಕೆ 45 ಪಾಲು ಮೀರಬಾರದು ಅನ್ನುತ್ತಾರೆ. ಇದನ್ನು ನಮ್ಮ ಅಡುಗೆಮನೆಯ ಮಾತಿಗೆ ತಂದರೆ ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು. ಮೂರು ಪಾವು ರಾಗಿ, ಅಕ್ಕಿ ಎಲ್ಲ ಸೇರಿ ಖರ್ಚಾಗುವ ಮನೆಯಲ್ಲಿ ಒಂದು ಪಾವು ಕಾಳೂ ಖರ್ಚಾಗಬೇಕು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಈಗ ಅಷ್ಟು ಕಾಳು ಬೇಯುತ್ತಿದೆ?

"ಅಷ್ಟು ಕಾಳಿಗೆ ಎಲ್ಲಿ ತರಾದು ದುಡ್ಡ?" ಅಂದಳು ಅಕ್ಕಯ್ಯ. ನ್ಯಾಯವಾದ ಪ್ರಶ್ನೆ. ದುಡ್ಡಿಗಿಂತ ಮೊದಲು ನೆಲ ನೋಡೋಣ ಅಂದೆ. ತೆಂಗಿನ ಮರಗಳ ನಡುವೆ ಬಿಸಿಲು ಬೀಳುವ ಜಾಗ ಖಾಲಿ ಬಿದ್ದಿದೆ. ಮಳೆ ಹದ ನೋಡಿ ಅಲಸಂದೆ, ಹುರುಳಿ ಚೆಲ್ಲಿದರೆ ಮರದ ಬುಡಕ್ಕೂ ಸಾರಜನಕ, ಮನೆಗೂ ಕಾಳು. ಬದುವಿನ ಮೇಲೆ ತೊಗರಿ ನಿಲ್ಲುತ್ತದೆ. ಕೊಟ್ಟಿಗೆಯ ಹಿಂದೆ, ಬಚ್ಚಲ ನೀರು ಹರಿಯುವಲ್ಲಿ ದಂಟು, ನುಗ್ಗೆ, ಚಕ್ರಮುನಿ ಎದ್ದಾವು. ಒಂದೆರಡು ಎಕರೆ ರಾಗಿ ಉಳಿಸಿಕೊಂಡವರು ಎಂಟು ಸಾಲಿಗೊಂದು ಸಾಲು ಅವರೆ ಬಿಡಲಿ. ಯಂತ್ರದಲ್ಲಿ ಕೊಯ್ಯಿಸುವವರಾದರೆ ಹೊಲದ ಒಂದು ಅಂಚನ್ನಾದರೂ ಅಕ್ಕಡಿಗೆ ಮೀಸಲಿಡಲಿ. ಪಡಿತರದಲ್ಲಿ ಅಕ್ಕಿ ಕೊಟ್ಟಂತೆ ತೊಗರಿಬೇಳೆಯನ್ನೋ ಹುರುಳಿಯನ್ನೋ ಕೊಡಿ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳುವುದೂ ನಮ್ಮ ಕೆಲಸವೇ. ಕೊಬ್ಬರಿ ರೇಟಿಗಾಗಿ ಬೀದಿಗಿಳಿದು ಕೂತ ಜನ ನಾವು, ಕಾಳಿಗಾಗಿ ಒಂದು ಮಾತು ಕೇಳಲಾರೆವೇ?

ಅಡುಗೆಮನೆಯ ಬದಲಾವಣೆ ಅದಕ್ಕೂ ಸುಲಭ. ಇವತ್ತಿನ ಮುದ್ದೆಯಲ್ಲಿ ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿ ಕಟ್ಟಿ, ತೆಗೆದ ಆ ಪಾಲಿನ ಜಾಗಕ್ಕೆ ಗಟ್ಟಿ ಕಾಳಿನ ಸಾರು, ಒಂದು ದೊಡ್ಡ ಸೌಟು ಸೊಪ್ಪಿನ ಪಲ್ಯ ಬರಲಿ. ಉಂಡಾದ ಮೇಲೆ ಕೂರದೆ ತೋಟದ ಸುತ್ತ ಒಂದು ಸುತ್ತು ಹಾಕಿ. ಊಟದ ನಂತರ ನಡೆದರೆ ಸ್ನಾಯುಗಳು ಇನ್ಸುಲಿನ್ನಿಗಾಗಿ ಹೆಚ್ಚು ಕಾಯದೆ ರಕ್ತದ ಸಕ್ಕರೆ ಎಳೆದುಕೊಳ್ಳುತ್ತವೆ. ಟೀಗೆ ಸಕ್ಕರೆ ಈ ವಾರ ಅರ್ಧ ಚಮಚ, ಮುಂದಿನ ವಾರ ಕಾಲು ಚಮಚ ಅಂತ ಇಳಿಸಿ, ನಾಲಗೆ ಹೊಂದಿಕೊಳ್ಳುತ್ತದೆ. ಬೇಕರಿಯ ಬನ್ನು ತಿಂಗಳಿಗೊಮ್ಮೆ ಸಾಕು. ಮೂರು ತಿಂಗಳು ಹೀಗೆ ನಡೆಸಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಅನ್ನುವ ಪರೀಕ್ಷೆಯನ್ನೇ ಕೇಳಿ ಮಾಡಿಸಿ, ಆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ, ಮುಂದಿನದನ್ನು ಅವರೊಡನೆ ಕೂತು ತೀರ್ಮಾನಿಸಿ.

ಹಿಟ್ಟು ತಲೆತಲಾಂತರದಿಂದ ನಮ್ಮನ್ನು ಸಾಕಿದೆ. ನಾಲ್ಕು ನಿಮಿಷದ ವಿಡಿಯೊ ನೋಡಿ ಅದನ್ನು ಹೊರಗೆ ಹಾಕುವುದು ಬೇಡ. ತಿಂಗಳ ಸಾಮಾನಿನ ಚೀಟಿ ಬರೆಯುವಾಗ ರಾಗಿ, ಅಕ್ಕಿಯ ಕೆಳಗೆ ಅದರ ಮೂರನೇ ಒಂದು ಪಾಲು ಕಾಳು ಅಂತ ಮೊದಲೇ ಬರೆಯಿರಿ, ಬೇರೆಲ್ಲ ಆಮೇಲೆ.